ಎಡಕ್ಕೆ ಸರಿದ ಸ್ಪೀಕರ್

ಕಿಟಕಿಯ ಗಾಜು ಒಡೆದುಕೊಂಡು ಬಂದ ಕಲ್ಲು ಮೇಜಿನ ಮೇಲಿದ್ದ ಲೋಟವನ್ನು ಉರುಳಿಸಿ, ನೆಲದ ಮೇಲೆ ಪುಟಿದು, ಸ್ಪೀಕರ್ ಜೋಡಿಸುವವನ ಪಾದದ ಬಳಿ ಬಂದು ನಿಂತಿತು. ಅವನು ಬೆಚ್ಚಿಬೀಳಲಿಲ್ಲ. ಬೆಚ್ಚಿಬೀಳುವಷ್ಟು ತ್ರಾಣ ಅವನ ಮೈಯಲ್ಲಿ ಉಳಿದಿರಲಿಲ್ಲ.

ಅವನ ಬಲಗೈ ಬೆರಳುಗಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಲೇತ್ ಕಾರ್ಖಾನೆಯ ಆಳುಗಳು ಆ ಕೈಯನ್ನು ಮೆಟ್ಟಿಲ ಅಂಚಿಗಿಟ್ಟು ಬೂಟಿನಿಂದ ತುಳಿದಿದ್ದರು. ಮುಂದಿನ ಹಲ್ಲುಗಳು ಹೋಗಿ ಮಾತಿನ ನಡುವೆ ಗಾಳಿ ಸೋರುತ್ತಿತ್ತು. ಒಂದು ಕಣ್ಣು ಮುಚ್ಚಿಯೇ ಹೋಗಿತ್ತು. ಇನ್ನೊಂದರಿಂದ ಅವನು ಇನ್ಸ್‌ಪೆಕ್ಟರಮ್ಮನನ್ನು ನೋಡುತ್ತಿದ್ದ, ಬಾವಿಗೆ ಬಿದ್ದವನು ಮೇಲಿನ ಬೆಳಕನ್ನು ನೋಡುವ ಹಾಗೆ.

ನಿನ್ನೆ ಮಧ್ಯಾಹ್ನ ಲೇತ್ ಮೇಸ್ತ್ರಿ ತನ್ನ ಮನೆಯ ನಡುಮನೆಯಲ್ಲಿ, ಟಿ.ವಿ. ಎದುರಿನ ಕುರ್ಚಿಯಲ್ಲೇ, ಸ್ಪ್ಯಾನರಿನ ಏಟಿಗೆ ತಲೆ ಒಡೆದು ಸತ್ತಿದ್ದ. ಅಂಗಿಯ ತುಂಬ ಅವನ ರಕ್ತ ಮೆತ್ತಿಕೊಂಡು ಮೆಟ್ಟಿಲಿಳಿದು ಓಡಿದವನು ಇವನೊಬ್ಬನೇ.

ಹೊರಗೆ ನಿಂತ ಕಾರ್ಖಾನೆಯ ಗುಂಪಿಗೆ ಅಷ್ಟು ಸಾಕಾಗಿತ್ತು. ಇವನನ್ನು ನಮ್ಮ ಕೈಗೆ ಕೊಡಿ, ಇಲ್ಲವಾದರೆ ಠಾಣೆಯ ಸಮೇತ ಸುಡುತ್ತೇವೆ ಎಂದು ಬೆಳಗಿನಿಂದ ಕೂಗುತ್ತಿದ್ದರು. ಆಸ್ಪತ್ರೆಗೆ ಒಯ್ಯೋಣವೆಂದರೆ ಬಾಗಿಲು ದಾಟಿದರೆ ಇವನು ಹೆಣ. ಬೇರೆ ಠಾಣೆಗಳಿಂದ ಪೊಲೀಸರು ಬರುತ್ತೇವೆ, ಬರುತ್ತೇವೆ ಎನ್ನುತ್ತಿದ್ದರೇ ಹೊರತು ಬಂದಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಕಲ್ಲನ್ನು ಎತ್ತಿ ಮೇಜಿನ ಮೇಲಿಟ್ಟಳು. ಕಾಗದ ಹಾರದಂತೆ ಇಡುವ ಗುಂಡಿನ ಹಾಗೆ ಅದನ್ನು ಸರಿಯಾಗಿ ಕೂರಿಸಿ, ನೀನು ಆ ಮನೆಯಲ್ಲಿ ಮಾಡಿದ್ದನ್ನೆಲ್ಲ ಇನ್ನೊಂದು ಸಲ ಹೇಳು, ಸ್ಕ್ರೂ ತಿರುಗಿಸಿದ್ದನ್ನೂ ಬಿಡಬೇಡ ಎಂದಳು. ಬೇಳೆ ಬೇಯುವವರೆಗೆ ಕಾಯುವ ಜಾತಿಯವಳು ಅವಳು. ಕೂಗಾಡಿ ಯಾರ ಬಾಯನ್ನೂ ಬಿಡಿಸಿದವಳಲ್ಲ.

ಅವನು ತೊದಲುತ್ತ ಹೇಳಿದ. ಮೇಸ್ತ್ರಿಯ ಟಿ.ವಿ. ಹಳೆಯದು, ವೈರಿಲ್ಲದೆ ಸದ್ದು ಕಳಿಸುವ ಶಕ್ತಿ ಅದಕ್ಕಿಲ್ಲ. ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಡಬ್ಬಿ ಸಿಕ್ಕಿಸಬೇಕು. ಆ ಡಬ್ಬಿ ಸದ್ದನ್ನು ಗಾಳಿಯಲ್ಲಿ ಕಳಿಸುತ್ತದೆ, ಸ್ಪೀಕರುಗಳು ಹಿಡಿದುಕೊಳ್ಳುತ್ತವೆ. ಎರಡನ್ನೂ ಅದಕ್ಕೆ ಜೋಡಿಸಿದ್ದಾಯಿತು, ಕೇಳಿಸಿದ್ದಾಯಿತು. ಡಬ್ಬಿಯ ವೈರು ಗಿಡ್ಡವಾಗಿ ಜೋತಾಡುತ್ತಿತ್ತು. ಉದ್ದದ್ದು ತರೋಣವೆಂದು ಅಂಗಡಿಗೆ ಹೋಗಿ ಬಂದ. ಬಂದಾಗ ಮೇಸ್ತ್ರಿ ಕುರ್ಚಿಯಲ್ಲೇ ಇದ್ದ, ತಲೆ ಮಾತ್ರ ಇರಬೇಕಾದ ಆಕಾರದಲ್ಲಿ ಇರಲಿಲ್ಲ. ಉಸಿರಿದೆಯೇ ಎಂದು ಬಗ್ಗಿದವನು ಜಾರಿ ಅವನ ಮೇಲೇ ಬಿದ್ದ. ಎದ್ದು ಓಡಿದ.

“ಸ್ಪೀಕರ್ ಎಲ್ಲಿಟ್ಟಿದ್ದೆ?”

“ಬಲಗಡೆ ಮೇಡಂ. ಸ್ಟೂಲ್ ಮೇಲೆ. ಎರಡನ್ನೂ.”

ಬಾಗಿಲಿಗೆ ಒರಗಿದ್ದ ದಫೇದಾರ ಮೂಗಿನಲ್ಲಿ ನಕ್ಕ. “ಎರಡೂ ಒಂದೇ ಕಡೆ ಇಡೋದಾದ್ರೆ ಎರಡು ಯಾಕೋ ಬೇಕು? ನಮ್ಮನೆ ಎಮ್ಮೆಗೂ ಗೊತ್ತು, ಕೊಂಬು ಈ ಕಡೆ ಒಂದು, ಆ ಕಡೆ ಒಂದು ಅಂತ.”

“ಅವರಿಗೆ ಎಡಗಿವಿ ಕೇಳಲ್ಲ ಸರ್. ಒಂಚೂರೂ ಕೇಳಲ್ಲ. ಅಕ್ಕ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದ್ರು. ಯಾರಿಗೂ ಹೇಳ್ಬೇಡಪ್ಪ, ಅವರಿಗೆ ನಾಚಿಕೆ, ಒಡಹುಟ್ಟಿದ ತಮ್ಮನಿಗೂ ಗೊತ್ತಿಲ್ಲ ಅಂದ್ರು.”

ಅಕ್ಕ ಎಂದರೆ ಮೇಸ್ತ್ರಿಯ ಹೆಂಡತಿ.  ನಿನ್ನೆ ಆ ನಡುಮನೆಯಲ್ಲಿ ಇನ್ಸ್‌ಪೆಕ್ಟರಮ್ಮ ತಾನೇ ನಿಂತಿದ್ದಳು. ಸ್ಪೀಕರ್ ಒಂದು ಬಲಕ್ಕಿತ್ತು, ಒಂದು ಎಡಕ್ಕಿತ್ತು. ಎಲ್ಲರ ಮನೆಯಲ್ಲೂ ಇರುವ ಹಾಗೆ ಇದ್ದದ್ದರಿಂದ ಕಣ್ಣು ಅದನ್ನು ಒಪ್ಪಿಕೊಂಡು ಮುಂದೆ ಹೋಗಿತ್ತು. ನೋಡಿಯೂ ಕಾಣದಿದ್ದದ್ದು ಅದು.

ಜೀಪು ಹೊರಟಾಗ ಗುಂಪು ಅಡ್ಡ ಬಂತು. ಆಳುಗಳು ಸೀಟಿನ ಕೆಳಗೂ ಬಗ್ಗಿ ನೋಡಿ, ಅವನಿಲ್ಲವೆಂದು ಖಾತ್ರಿಯಾದ ಮೇಲೆಯೇ ದಾರಿ ಬಿಟ್ಟರು. ಒಬ್ಬನ ಕೈಯಲ್ಲಿ ಸೀಮೆಎಣ್ಣೆಯ ಡಬ್ಬವಿತ್ತು.

ಮೇಸ್ತ್ರಿಯದು ಠಾಣೆಗೆ ಹತ್ತಿರದ ಮಹಡಿ ಮನೆ. ಕೆಳಗಿನ ಮನೆಯಲ್ಲಿ ನಿವೃತ್ತ ದಾದಿಯೊಬ್ಬಳು ಇದ್ದಳು. ಮೆಟ್ಟಿಲ ಬುಡದಲ್ಲಿ ನಿಂತು, ನಿನ್ನೆ ಹೇಳದೆ ಉಳಿಸಿಕೊಂಡದ್ದನ್ನು ಈ ಹೊತ್ತು ಹೇಳಿದಳು. ಮೇಲಿನ ಮನೆಯಲ್ಲಿ ಟಿ.ವಿ. ಜೋರಾಯಿತೆಂದರೆ ಮೇಸ್ತ್ರಿಯ ಕೈಯೂ ಜೋರಾಯಿತೆಂದೇ ಲೆಕ್ಕ. ಮೊದಲು ಸದ್ದು ಏರುತ್ತದೆ, ಆಮೇಲೆ ತಲೆಯ ಮೇಲೆ ಏನೋ ದೊಪ್ಪೆಂದು ಬೀಳುತ್ತದೆ, ಆಮೇಲೆ ಯಾರೋ ಗೋಡೆಗೆ ಆತುಕೊಂಡು ನಡೆಯುವ ಸಪ್ಪಳ. ಒಂದು ಸಲ ಮೇಲೆ ಹೋಗಿ ಬಾಗಿಲು ಬಡಿದಿದ್ದಳಂತೆ. ಮೇಸ್ತ್ರಿ ಬೆವರು ಒರೆಸಿಕೊಳ್ಳುತ್ತ ಬಂದು, ಕುಸ್ತಿ ನೋಡ್ತಿದ್ದೆ ಅಮ್ಮ, ಸದ್ದು ಜಾಸ್ತಿಯಾಯ್ತಾ ಎಂದು ನಕ್ಕಿದ್ದನಂತೆ.

“ಹೊಸ ಸ್ಪೀಕರ್ ಬರತ್ತೆ ಅಂತ ಮೇಸ್ತ್ರಿ ಹೆಂಡತಿ ನನಗೆ ಹೇಳಿದ್ಲು,” ಎಂದಳು ದಾದಿ. “ಬೇರೆ ಹೆಂಗಸರು ಟಿ.ವಿ.ಗೆ ಸ್ಪೀಕರ್ ಬಂದ್ರೆ ಹಿಗ್ತಾರೆ. ಇವಳು ನನ್ನ ಕೈ ಹಿಡ್ಕೊಂಡು, ಇನ್ನು ನಿಮಗೂ ಕೇಳಲ್ಲ ಅಕ್ಕ ಅಂದ್ಲು.”

ನಡುಮನೆಯ ಬಾಗಿಲಿಗೆ ಪೊಲೀಸರ ಬೀಗ, ಅರಗಿನ ಮುದ್ರೆ. ಮನೆಯವರು ಹಿಂದಿನ ಮೆಟ್ಟಿಲಿನಿಂದ ಓಡಾಡುತ್ತಿದ್ದರು. ದಫೇದಾರ ಮುದ್ರೆ ಒಡೆದು ಬಾಗಿಲು ತೆರೆದ. ಒಳಗಿನ ವಾಸನೆ, ಮುಚ್ಚಿಟ್ಟ ಪಾತ್ರೆಯ ಮುಚ್ಚಳ ತೆಗೆದ ಹಾಗೆ, ಮುಖಕ್ಕೆ ರಾಚಿತು.

ರೆಕ್ಸಿನ್ ಕುರ್ಚಿ ಹಾಗೇ ಇತ್ತು. ಅದರ ಬಲಕ್ಕಿದ್ದ ಗೋಡೆಯ ಮೇಲೆ ರಕ್ತ ಬೀಸಣಿಗೆಯಂತೆ ಹರಡಿ ಒಣಗಿ ಕಂದಾಗಿತ್ತು. ಫ್ಯಾನಿನ ಒಂದು ರೆಕ್ಕೆಯ ಮೇಲೂ ಚುಕ್ಕೆಗಳು. ಎಡಗಡೆಯ ಗೋಡೆ ಮಾತ್ರ ಸುಣ್ಣ ಬಳಿದ ದಿನದಷ್ಟು ಬಿಳಿ. ಏಟು ಎಡದಿಂದ ಬಿದ್ದರೆ ರಕ್ತ ಬಲಕ್ಕೆ ಚಿಮ್ಮುತ್ತದೆ. ಮೊದಲ ಏಟಿಗೇ ಕಿವಿಯ ಹಿಂದಿನ ಮೂಳೆ ಒಳಗೆ ಹೋಗಿತ್ತು, ಆಮೇಲಿನವು ಸಿಟ್ಟಿನ ಏಟುಗಳು ಎಂದು ಶವ ಪರೀಕ್ಷೆಯ ಡಾಕ್ಟರು ಹೇಳಿದ್ದರು. ಮೇಸ್ತ್ರಿ ಕೈ ಎತ್ತಿರಲಿಲ್ಲ. ಕತ್ತು ತಿರುಗಿಸಿರಲಿಲ್ಲ. ಗೂಳಿಯಂಥ ಗಂಡಸು, ಪಕ್ಕದಲ್ಲಿ ಬಂದು ನಿಂತವರನ್ನು ತಿರುಗಿ ನೋಡದೆ ಸತ್ತಿದ್ದ.

ಇನ್ಸ್‌ಪೆಕ್ಟರಮ್ಮ ಬಲಗಡೆಯ ಸ್ಟೂಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅದರ ಮೇಲೆ ಒಂದು ಸ್ಪೀಕರ್ ಇತ್ತು, ಹಿಟ್ಟಿನ ಡಬ್ಬದಷ್ಟು ಎತ್ತರ, ಉರುಟು. ಅದರ ಪಕ್ಕದಲ್ಲಿ, ಚಿಮ್ಮಿದ ರಕ್ತದ ನಡುವೆ, ಅಷ್ಟೇ ಅಗಲದ ಚೊಕ್ಕಟವಾದ ವೃತ್ತವೊಂದು ಇತ್ತು. ಹಿಟ್ಟು ಚೆಲ್ಲಿದ ಕಟ್ಟೆಯಿಂದ ಡಬ್ಬ ಎತ್ತಿಕೊಂಡರೆ ಉಳಿಯುತ್ತದಲ್ಲ, ಹಾಗೆ.

ಇನ್ನೊಂದು ಸ್ಪೀಕರ್ ಕುರ್ಚಿಯ ಎಡಕ್ಕೆ, ನೆಲದ ಮೇಲಿತ್ತು. ಅದರ ಮುಂದಿನ ಬಟ್ಟೆಯ ಮೇಲೆ ರಕ್ತದ ಚುಕ್ಕೆಗಳಿದ್ದವು. ಸುತ್ತಮುತ್ತ ಎಲ್ಲೂ ಒಂದು ಚುಕ್ಕೆಯಿರಲಿಲ್ಲ. ಕುರ್ಚಿಯಿಂದ ಇಳಿದು ಹರಿದ ಮಡುವಿನ ಅಂಚು ಮಾತ್ರ ಅದರ ತಳದ ಕೆಳಗೆ ನುಗ್ಗಿ ಮಾಯವಾಗಿತ್ತು.

ಟಿ.ವಿ. ಹಾಕು ಎಂದಳು.

ದಫೇದಾರ ಹೆದರಿದವನಂತೆ ರಿಮೋಟನ್ನು ಎರಡು ಬೆರಳಲ್ಲಿ ಹಿಡಿದ. ವೈರ್‌ಲೆಸ್ ಅನ್ನುತ್ತಾರೆ, ಕರೆಂಟಿಗೆ ಮಾತ್ರ ಎರಡಕ್ಕೂ ಬಾಲ ಬೇಕು ಎಂದು ಗೊಣಗಿ ಪ್ಲಗ್ಗುಗಳನ್ನು ಸಿಕ್ಕಿಸಿದ. ಸ್ಪೀಕರುಗಳು ಟ್ರಿಂಗ್ ಎಂದು ಸದ್ದು ಮಾಡಿ ನೀಲಿ ದೀಪ ಹೊತ್ತಿಸಿಕೊಂಡವು. ಪರದೆಯ ಮೇಲೆ ರೈಲೊಂದು ಎಡದಿಂದ ಬಲಕ್ಕೆ ಸೇತುವೆ ದಾಟುತ್ತಿತ್ತು. ಸದ್ದು ಮಾತ್ರ ಒಂದು ಸ್ಪೀಕರಿನಿಂದ ಇನ್ನೊಂದಕ್ಕೆ ದಾಟಲಿಲ್ಲ. ಎರಡು ಡಬ್ಬಗಳಿಂದಲೂ ಇಡೀ ರೈಲು, ಮೊದಲಿನಿಂದ ಕೊನೆಯವರೆಗೆ, ಒಂದೇ ಸಮನೆ ಗುಡುಗಿತು.

ಒಂದು ಕಿವಿಯವನಿಗೆ ಅರ್ಧ ಸದ್ದು ತಪ್ಪಬಾರದೆಂದು ಮಾಡಿದ ಜೋಡಣೆ ಅದು. ಆ ಮುರಿದ ಬೆರಳಿನವನು ಸುಳ್ಳು ಹೇಳಿರಲಿಲ್ಲ.

ಸದ್ದಿಗೆ ಯಾರೋ ಒಳಬಾಗಿಲು ಬಡಿದರು, ದಫೇದಾರ ನಿನ್ನೆ ಈ ಕಡೆಯಿಂದ ಹಾಕಿದ್ದ ಚಿಲಕ ತೆಗೆದ. ಮೇಸ್ತ್ರಿಯ ತಮ್ಮ ನಿಂತಿದ್ದ. ಅಣ್ಣನ ಹಾಗೇ ಬಾಗಿಲು ತುಂಬುವ ಆಳು. ಕಾರ್ಖಾನೆಯಲ್ಲಿ ಇವನನ್ನು ಪೈಲ್ವಾನ ಎನ್ನುತ್ತಿದ್ದರು. ಠಾಣೆಯ ಮುಂದಿನ ಗುಂಪನ್ನು ಕಟ್ಟಿ ನಿಲ್ಲಿಸಿ ಬಂದವನೂ ಇವನೇ. ಅತ್ತಿಗೆ ಈಗಷ್ಟೇ ಮಲಗಿದ್ದಾರೆ, ಮಾತ್ರೆ ಕೊಟ್ಟಿದ್ದೇನೆ, ಸದ್ದು ಕಡಿಮೆ ಮಾಡಿ ಎಂದ. ಹೇಳುವಾಗ ಅವನ ಕಣ್ಣು ಎಡಗಡೆಯ ಸ್ಪೀಕರಿಗೆ ಹೋಗಿ ಬಂತು.

“ಈ ಸ್ಪೀಕರ್ ಇಲ್ಲಿಟ್ಟೋರು ಯಾರು?” ಎಂದು ಕೇಳಿದಳು ಇನ್ಸ್‌ಪೆಕ್ಟರಮ್ಮ.

“ಇನ್ಯಾರು, ಆ ಕೊಲೆಗಡುಕನೇ. ಎಡಕ್ಕೊಂದು ಬಲಕ್ಕೊಂದು. ಹಂಗೇ ತಾನೇ ಇಡೋದು?”

“ನಿಮ್ಮಣ್ಣನಿಗೆ ಎಡಗಡೆ ಸ್ಪೀಕರ್ ಯಾಕಪ್ಪ?”

“ಯಾಕೆ ಅಂದ್ರೆ? ಕೇಳೋಕೆ.”

ಈ ಮಾತು ಹೇಳುವಾಗ ಅವನ ಮುಖದಲ್ಲಿ ಕಪಟವಿರಲಿಲ್ಲ. ಪ್ರಶ್ನೆಯೇ ಅವನಿಗೆ ಅರ್ಥವಾಗಿರಲಿಲ್ಲ. ಅಣ್ಣನ ಮನೆಯಲ್ಲೇ ಬೆಳೆದು, ಅಣ್ಣನ ಜೊತೆ ದುಡಿದು, ಅವನ ಕಿವಿ ಸತ್ತದ್ದು ಇವನಿಗೆ ಗೊತ್ತಿರಲಿಲ್ಲ. ಲೇತಿನ ಗದ್ದಲದಲ್ಲಿ ಎಲ್ಲರೂ ಕಿರುಚಿಯೇ ಮಾತಾಡುತ್ತಾರೆ. ಯಾರು ಕಿವುಡರು, ಯಾರು ಅಲ್ಲ ಎಂದು ಅಲ್ಲಿ ಯಾರಿಗೆ ತಿಳಿಯಬೇಕು.

ಅವಳು ಬಗ್ಗಿ ಎಡಗಡೆಯ ಸ್ಪೀಕರಿನ ಮೇಲೆ ಕೈಯಿಟ್ಟಳು.

“ಅದನ್ನ ಮುಟ್ಬೇಡಿ,” ಎಂದ ಪೈಲ್ವಾನ. ದನಿ ಮೆಲ್ಲಗಿತ್ತು.

ದಫೇದಾರ ನಡುವೆ ಬಂದ. ಪೈಲ್ವಾನ ಗೋಡೆಗೆ ಒರಗಿಸಿದ್ದ ಮಡಚುವ ಕಬ್ಬಿಣದ ಕುರ್ಚಿಯನ್ನು ಎತ್ತಿ ಬೀಸಿದ. ದಫೇದಾರನ ಹೆಗಲ ಮೂಳೆ ಒಣಕಟ್ಟಿಗೆಯಂತೆ ಲಟಕ್ಕೆಂದದ್ದು ರೈಲಿನ ಸದ್ದಿನ ನಡುವೆಯೂ ಕೇಳಿಸಿತು. ಎರಡನೆಯ ಏಟು ಅವನ ಬಾಯಿಗೆ ಬಿತ್ತು. ಅವನು ಕೆಳಗೆ ಕುಸಿದು, ಗೋಡೆಯಲ್ಲಿ ಒಣಗಿದ ರಕ್ತದ ಮೇಲೆ ಹಸಿ ರಕ್ತ ಉಗುಳಿದ.

ಇನ್ಸ್‌ಪೆಕ್ಟರಮ್ಮನ ಕೈ ರಿವಾಲ್ವರಿಗೆ ಹೋಗುವಷ್ಟರಲ್ಲಿ ಪೈಲ್ವಾನನ ಎರಡೂ ಹಸ್ತಗಳು ಅವಳ ಕುತ್ತಿಗೆಯ ಮೇಲಿದ್ದವು. ಕಬ್ಬಿಣ ತಿರುಗಿಸಿ ತಿರುಗಿಸಿ ಕಬ್ಬಿಣವೇ ಆದ ಹಸ್ತಗಳು. ಅವಳ ಬೆನ್ನು ನೆಲಕ್ಕೆ ಬಡಿಯಿತು. ಕಣ್ಣಿನ ಅಂಚು ಕಪ್ಪಾಗುತ್ತ ಬಂತು. ತನ್ನ ಗಂಟಲಿನಿಂದ ಹೊರಟ ಗೊರಗೊರ ಸದ್ದನ್ನು ಬೇರೆ ಯಾರದೋ ಎಂಬಂತೆ ಅವಳು ಕೇಳಿಸಿಕೊಂಡಳು.

ಬೆರಳಿಗೆ ಕರೆಂಟಿನ ವೈರು ಸಿಕ್ಕಿತು. ಎಳೆದಳು. ಸ್ಪೀಕರ್ ಉರುಳಿಕೊಂಡು ಬಂತು. ಅದನ್ನು ಒಂದೇ ಕೈಯಲ್ಲಿ ಹಿಡಿದು ಅವನ ಮುಖಕ್ಕೆ ಹೊಡೆದಳು. ಅವನು ಬಿಡಲಿಲ್ಲ. ಮತ್ತೆ ಹೊಡೆದಳು, ಮೂಗು ಮುರಿಯಿತು. ಮತ್ತೆ ಹೊಡೆದಳು, ಹುಬ್ಬು ಸೀಳಿ ರಕ್ತ ಅವಳ ಕಣ್ಣಿಗೇ ಸುರಿಯಿತು. ಹಸ್ತಗಳು ಸಡಿಲವಾದವು. ಅವನು ಪಕ್ಕಕ್ಕೆ ಮಗುಚಿದ. ಅವಳು ಕೆಮ್ಮುತ್ತಲೇ ಅವನ ಮಣಿಕಟ್ಟಿಗೆ ಬೇಡಿ ಹಾಕಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದಳು.

ಆಮೇಲೆ ಸ್ಪೀಕರ್ ಇದ್ದ ಜಾಗವನ್ನು ನೋಡಿದಳು.

ನೆಲದ ಮೇಲೆ ಒಂದು ಹೆಜ್ಜೆ ಗುರುತು ಇತ್ತು. ಹಸಿ ರಕ್ತದಲ್ಲಿ ಊರಿ ಎತ್ತಿದ ಬರಿಗಾಲು. ಅಂಚು ಸ್ವಲ್ಪ ಕದಡಿದ್ದರೂ ಹಿಮ್ಮಡಿ, ಅಂಗಾಲಿನ ತಗ್ಗು, ಸಾಲಾಗಿ ಬೆರಳುಗಳು ಅಚ್ಚೊತ್ತಿದಂತೆ ಇದ್ದವು. ಪೈಲ್ವಾನನ ಪಾದದಲ್ಲಿ ಅಂಥವು ಎರಡು ಹಿಡಿಯುತ್ತಿದ್ದವು.

“ನಾನೇ ಕೊಂದೆ,” ಎಂದ ಅವನು, ಮುರಿದ ಮೂಗಿನಲ್ಲಿ. “ಬರ್ಕೊಳ್ಳಿ. ನಾನೇ.”

“ಎಲ್ಲಿ ನಿಂತು ಹೊಡೆದೆ?”

ಅವನು ಕುರ್ಚಿಯನ್ನು ನೋಡಿದ. ಗೋಡೆಯ ರಕ್ತವನ್ನು ನೋಡಿದ. ರಕ್ತ ಇರುವ ಕಡೆಯೇ ಕೊಂದವನೂ ಇರಬೇಕಲ್ಲವೇ ಎಂದುಕೊಂಡನೋ ಏನೋ, “ಬಲಗಡೆ,” ಎಂದ.

ಅವಳು ನೀರು ತಂದು ಮೊದಲು ದಫೇದಾರನ ಬಾಯಿಗೆ, ಆಮೇಲೆ ಇವನ ಬಾಯಿಗೆ ಹನಿಸಿದಳು. ನಿನ್ನಣ್ಣನಿಗೆ ಎಡಗಿವಿ ಕೇಳುತ್ತಿರಲಿಲ್ಲ ಎಂದು ಹೇಳಿದಳು. ಆ ಕಡೆಯಿಂದ ಆನೆ ಬಂದರೂ ತಿಳಿಯುತ್ತಿರಲಿಲ್ಲ. ಕೊಂದವರು ಆ ಕಡೆಯಿಂದಲೇ ಬಂದರು, ಬರಿಗಾಲಲ್ಲಿ, ನಡೆದುಕೊಂಡು. ಅದು ಗೊತ್ತಿದ್ದವರು ಈ ಮನೆಯಲ್ಲಿ ಒಬ್ಬರೇ.

ಪೈಲ್ವಾನ ಅಳತೊಡಗಿದ. ದೊಡ್ಡ ಗಂಡಸಿನ ಅಳು, ನೋಡುವವರಿಗೇ ಸಂಕಟ. ಸ್ಪೀಕರಿನವನ ಹಿಂದೆ ಎಲ್ಲರೂ ಓಡಿದಾಗ ತಾನೊಬ್ಬ ಒಳಗೆ ಬಂದೆ ಎಂದ. ಅತ್ತಿಗೆ ಬಚ್ಚಲಲ್ಲಿ ಕಾಲು ತೊಳೆಯುತ್ತಿದ್ದರು. ನೆಲದ ಮೇಲೆ ಹೆಜ್ಜೆ ಕಂಡಿತು. ಒರೆಸಲು ಹೊತ್ತಿರಲಿಲ್ಲ, ಮೆಟ್ಟಿಲ ಮೇಲೆ ಜನರ ಸದ್ದು. ಕೈಗೆ ಸಿಕ್ಕಿದ್ದನ್ನು ಎತ್ತಿ ಮೇಲಿಟ್ಟೆ.

“ತಾಯಿ ಸತ್ತಾಗ ನಾನು ಇಷ್ಟಿದ್ದೆ. ಊಟ ಹಾಕಿ, ತಲೆ ಬಾಚಿ ಬೆಳೆಸಿದ್ದು ಅತ್ತಿಗೆ. ಅಣ್ಣ ಅವರಿಗೆ ಹೊಡೆಯೋವಾಗ ನಾನು ಪಕ್ಕದ ರೂಮಲ್ಲಿ ಟಿ.ವಿ. ಸದ್ದು ಕೇಳ್ಕೊಂಡು ಮಲಗಿದ್ದೆ ಮೇಡಂ. ಈಗಲಾದ್ರೂ ಏನಾದ್ರೂ ಮಾಡ್ಬೇಕಲ್ಲ.”

“ಅದಕ್ಕೆ ಆ ಸ್ಪೀಕರಿನವನನ್ನ ಸುಡಿಸೋದಾ?”

“ಅವನು ಯಾರೋ,” ಎಂದ ಅವನು. “ಅವನು ನಮಗೆ ಯಾರೂ ಅಲ್ಲ.”

 ಗುಂಪನ್ನು ವಾಪಸು ಕರೆಯಲು ಇವನ ಬಾಯಿಂದಲೇ ಒಂದು ಮಾತು ಹೇಳಿಸಬೇಕು, ಅದಕ್ಕೂ ಮೊದಲು ಆ ಹೆಂಗಸನ್ನು ಎಬ್ಬಿಸಬೇಕು ಎಂದುಕೊಂಡು ಒಳಕೋಣೆಯ ಬಾಗಿಲು ತಳ್ಳಿದಳು.

ಹಾಸಿಗೆ ಖಾಲಿಯಿತ್ತು. ಹೊದಿಕೆ ನೀಟಾಗಿ ಮಡಚಿತ್ತು. ದಿಂಬಿನ ಮೇಲೆ ನಿದ್ರೆ ಮಾತ್ರೆಯ ಹಾಳೆಗಳು, ಎಲ್ಲ ಗುಳಿಗಳೂ ಒಡೆದು ಬರಿದಾಗಿದ್ದವು. ಅಡುಗೆಮನೆಯಲ್ಲಿ ಹಾಲು ಕಾಯಿಸಿದ ಪಾತ್ರೆ ಇನ್ನೂ ಬೆಚ್ಚಗಿತ್ತು. ಹಿಂದಿನ ಬಾಗಿಲು ತೆರೆದಿತ್ತು.

ಪೈಲ್ವಾನನನ್ನು ಕೇಳಿದಳು. ಒಂದು ಮಾತ್ರೆ ಕೊಟ್ಟಿದ್ದೆ, ಹಾಳೆ ಅಲ್ಲೇ ಬಿಟ್ಟಿದ್ದೆ ಎಂದ.

ಅವಳು ಠಾಣೆಗೆ ಫೋನ್ ಮಾಡಿದಳು. ಪಹರೆಯ ಪೇದೆ ಎತ್ತಿದ. ಇಲ್ಲಿ ಎಲ್ಲ ಶಾಂತವಾಗಿದೆ ಎಂದು ತಾನೇ ಮಾಡಿದ ಕೆಲಸದಂತೆ ಹೇಳಿಕೊಂಡ. ಮೇಸ್ತ್ರಿಯ ಹೆಂಡತಿ ಬಂದಿದ್ದಾರೆ. ಆಕೆಯನ್ನು ಕಂಡು ಗುಂಪೇ ತಲೆ ಬಗ್ಗಿಸಿ ದಾರಿ ಬಿಟ್ಟಿತು. ಗಂಡನನ್ನು ಕೊಂದವನ ಮುಖ ಒಂದು ಸಲ ನೋಡಬೇಕು ಎಂದು ಅತ್ತರು, ಹೇಗೆ ಬೇಡ ಅನ್ನುವುದು.

“ಎಂಥಾ ಮನಸ್ಸು ಮೇಡಂ ಆಯಮ್ಮಂದು. ಅವನಿಗೇ ಅಂತ ಹಾಲು ತಂದಿದ್ದಾರೆ. ಕಂಬಿ ಹತ್ರ ಕೂತು ಕೈಯಾರೆ ಕುಡಿಸ್ತಾ ಇದ್ದಾರೆ.”

“ಲೋಟ ಕಿತ್ಕೋ,” ಎಂದಳು ಇನ್ಸ್‌ಪೆಕ್ಟರಮ್ಮ. ಹಿಸುಕಿದ ಗಂಟಲಿನಿಂದ ಗಾಳಿ ಮಾತ್ರ ಹೊರಟಿತು. ಮತ್ತೆ ಹೇಳಿದಳು. ಆ ಕಡೆ ಬೂಟಿನ ಸದ್ದು ಓಡಿತು. ಸ್ಟೀಲ್ ಲೋಟ ನೆಲಕ್ಕೆ ಬಿದ್ದು ಗಿರಗಿರನೆ ತಿರುಗಿ ನಿಂತಿತು. ಆಮೇಲೆ ಫೋನನ್ನು ಯಾರೋ ಎತ್ತಿಕೊಂಡರು.

“ಇನ್ಸ್‌ಪೆಕ್ಟರಮ್ಮನಾ?” ಹೆಂಗಸಿನ ದನಿ, ಪಕ್ಕದ ಮನೆಯಿಂದ ಮಾತಾಡಿಸಿದಷ್ಟು ಸಲೀಸು. “ಅವರ ಕಿವಿ ವಿಷಯ ಗೊತ್ತಿದ್ದೋನು ಅವನೊಬ್ಬನೇ. ಅರ್ಧ ಅವನು ಕುಡಿದ. ಉಳಿದಿದ್ದು ನಾನು ಕುಡಿದೆ. ಅವನನ್ನ ಒಬ್ಬನ್ನೇ ಕಳಿಸೋಕೆ ಮನಸ್ಸು ಬರಲಿಲ್ಲ.”

“ಅವನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಹೇಳಮ್ಮ. ಈಗಲೇ.”

“ಹೊರಗಿನವರು ನನಗಾದ್ರೆ ದಾರಿ ಬಿಡ್ತಾರೆ. ಅವನಿಗೆ ಬಿಡಲ್ಲ.”

“ನೀನು ಹೊರಗೆ ಹೋಗಿ ನಿಜ ಹೇಳು. ನಿನ್ನ ಬಾಯಲ್ಲಿ ಕೇಳಿದ್ರೆ ಬಿಡ್ತಾರೆ. ಅವನೂ ಉಳೀತಾನೆ, ನೀನೂ ಉಳೀತೀಯ.”

“ಉಳಿದು?” ಎಂದು ಕೇಳಿತು ಆ ದನಿ.

ಅದರ ಬೆನ್ನಿಗೇ ಫೋನನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಕಟ್ ಮಾಡಿರಲಿಲ್ಲ. ಪೇದೆ ಯಾರನ್ನೋ ಕೆನ್ನೆ ತಟ್ಟಿ ಎಬ್ಬಿಸುತ್ತಿದ್ದ. ಅದರಾಚೆ ಬರಿಗಾಲಿನ ಹೆಜ್ಜೆಗಳು ನಿಧಾನವಾಗಿ ಬಾಗಿಲಿನ ಕಡೆ ಹೋದವು. ಗುಂಪಿನ ಗದ್ದಲ ಸಣ್ಣಗೆ ಕೇಳುತ್ತಲೇ ಇತ್ತು.

ಠಾಣೆಯ ಬಾಗಿಲಿನ ದೊಡ್ಡ ಚಿಲಕ ಸರಿದ ಸದ್ದು ಬಂತು. ತೆಗೆದದ್ದೋ, ಹಾಕಿದ್ದೋ, ಅವಳಿಗೆ ತಿಳಿಯಲಿಲ್ಲ.